ದಡ್ಡಿಯ ಆಡುಗಳು ತಿಂದ ಸೊಪ್ಪು

ಆಗ ನನಗೆ ಐವತ್ತೆರಡು. ಈಗ ಅದಕ್ಕೆ ಹದಿನಾಲ್ಕು ವರ್ಷವಾಯಿತು. ಯಲಬುರ್ಗಾ ತಾಲೂಕಿನ ಒಂದು ಹಳ್ಳಿಯಲ್ಲಿ ಒಂದೇ ದಡ್ಡಿಯೊಳಗೆ ಕೂಡಿದ್ದ ಆಡುಗಳು ಒಂದೇ ಮಧ್ಯಾಹ್ನ ಬಿದ್ದು ಸತ್ತವು. ಕೊಂದ ಕೈ ಈ ಊರಲ್ಲಿ ಇರಬಾರದು ಎಂದು ಹಿರಿಯರು ಕಟ್ಟೆಯ ಮೇಲೆ ಕೂತು ತೀರ್ಮಾನ ಮಾಡಿ, ಆಮೇಲೆ ನಮ್ಮನ್ನು ಕರೆಸಿದರು. ಮೊದಲು ತೀರ್ಮಾನ, ಆಮೇಲೆ ಡಾಕ್ಟರು. ಊರಿನ ಹೆಸರು ಬರೆಯುವುದಿಲ್ಲ. ಆ ಜನ ಇನ್ನೂ ಅಲ್ಲೇ ಇದ್ದಾರೆ.

ನಾನು ದನದ ದವಾಖಾನೆಯಲ್ಲಿ ಜವಾನನ ಕೆಲಸದಲ್ಲಿದ್ದೆ. ಗಂಡ ಅದೇ ಕೆಲಸದಲ್ಲಿದ್ದ, ಸತ್ತ, ಅವನ ಜಾಗಕ್ಕೆ ನನ್ನನ್ನು ಹಾಕಿದರು. ನಾನು ಓದಿದ್ದು ನಾಲ್ಕನೇ ಇಯತ್ತೆ. ಈಗ ಆ ಕೆಲಸಕ್ಕೆ ಹತ್ತನೇ ಇಯತ್ತೆ ಮುಗಿಸಿದ ಹುಡುಗಿಯರು ಬರುತ್ತಿದ್ದಾರೆ. ಕಸ ಹೊಡೆಯುವುದು, ಬಾಟಲಿ ತೊಳೆಯುವುದು, ಚಹಾ ತರುವುದು, ಇಷ್ಟೇ ಎಂದು ತಿಳಿದು ಬರುತ್ತಾರೆ. ಅದೂ ಇದೆ. ಆದರೆ ಸತ್ತ ದನದ ಹೊಟ್ಟೆ ಕೊಯ್ದಾಗ ಒಳಗಿನ ಸೊಪ್ಪು ತೆಗೆದು ತೊಳೆಯುವವಳೂ ನೀನೇ. ಅದನ್ನು ಮೊದಲ ದಿನ ಯಾರೂ ಹೇಳುವುದಿಲ್ಲ. ಅದಕ್ಕೆ ನಾನು ಹೇಳುತ್ತಿದ್ದೇನೆ.

ನನಗೂ ಯಾರೂ ಹೇಳಿರಲಿಲ್ಲ. ಸೇರಿದ ವಾರದಲ್ಲೇ ಅಳವಂಡಿ ಕಡೆ ಒಂದು ಆಕಳು ಸತ್ತಿತ್ತು. ಆಗ ನಮ್ಮಲ್ಲಿದ್ದವರು ಖಾದರ ಸಾಹೇಬರು, ವಯಸ್ಸಾದ ಡಾಕ್ಟರು, ಪಂಚೆ ಮೇಲೆ ಕಟ್ಟಿಕೊಂಡು ಕೆಲಸಕ್ಕೆ ಇಳಿಯುವ ಮನುಷ್ಯ. ಆಕಳಿನ ದೊಡ್ಡ ಹೊಟ್ಟೆಯನ್ನು ಉದ್ದಕ್ಕೆ ಸೀಳಿ ನನ್ನನ್ನು ಕರೆದರು. ನಾನು ಸೆರಗು ಮೂಗಿಗೆ ಹಿಡಿದು ದೂರ ನಿಂತಿದ್ದೆ.

"ಏನ್ ಕಾಣತೈತಿ ಹುಲಿಗೆವ್ವಾ?"

"ಸಗಣಿರೀ."

"ಸಗಣಿ ಆಗೂಕಿಂತ ಮೊದಲ ಅದು ಏನಿತ್ತು?"

"ನನಗೇನ ಗೊತ್ರೀ, ನಾ ಆಕಳೇನು?"

ಸಾಹೇಬರು ನಕ್ಕರು. "ಆಕಳಾಗಿದ್ದರ ಚಲೋ ಆಗತಿತ್ತು. ಕೇಳಿದ್ದಕ್ಕ ಸುಮ್ನ ಇರತಿದ್ದಿ. ಕೈ ಹಾಕು."

ಕೈ ಹಾಕಿದೆ. ಬಿಸಿ ಇನ್ನೂ ಇತ್ತು. ಆ ದಿನ ಮನೆಗೆ ಹೋಗಿ ಉಣ್ಣಲಿಲ್ಲ. ಮರುವಾರ ಇನ್ನೊಂದನ್ನು ಕೊಯ್ದ ದಿನ ಉಂಡೆ. ಅಷ್ಟೇ, ರೂಢಿಯಾಗುತ್ತದೆ.

ಕಲಿಸಿದವರು ಅವರೇ. ದವಾಖಾನೆಯಲ್ಲಿ ಕೆಲಸ ಕಡಿಮೆ ಇದ್ದ ದಿನ ಹಳ್ಳದ ದಂಡೆಗೆ ಕರೆದುಕೊಂಡು ಹೋಗಿ ಗಿಡ ತೋರಿಸುತ್ತಿದ್ದರು. ನಮ್ಮ ಸೀಮೆಯಲ್ಲಿ ಆಡು, ಕುರಿ, ದನ ಎಲ್ಲ ಬದುಕುವುದು ಜಾಲಿಯ ಮೇಲೆ, ಸಾಯುವುದೂ ಎಷ್ಟೋ ಸಲ ಜಾಲಿಯಿಂದಲೇ. ಜಾಲಿ ಎಂದರೆ ಎಲ್ಲರಿಗೂ ಗೊತ್ತು, ಅದಕ್ಕೇ ಯಾರೂ ಕಣ್ಣಿಟ್ಟು ನೋಡುವುದಿಲ್ಲ. ಕರಿಜಾಲಿಯ ಹೂವು ಅರಿಶಿನದ ಗುಂಡು. ಎಲೆಯ ಸಂದಿಯಲ್ಲಿ ನಾಲ್ಕಾರು ಒಟ್ಟಿಗೆ ಕೂತಿರುತ್ತವೆ. ಬಿಳಿಜಾಲಿಯ ಹೂವೂ ಗುಂಡೇ, ಆದರೆ ಸಣ್ಣದು, ಹಾಲಿನ ಕೆನೆಯ ಬಣ್ಣ, ಟೊಂಗೆಯ ತುದಿಯಲ್ಲಿ ಕವಲೊಡೆದು ದೊಡ್ಡ ಗೊಂಚಲಾಗಿ ಬರುತ್ತದೆ. ಕಗ್ಗಲಿಯದು ಗುಂಡಲ್ಲ, ಬೆಕ್ಕಿನ ಬಾಲ. ಅದರ ಮುಳ್ಳು ನೆಟ್ಟಗಿಲ್ಲ, ಕೊಕ್ಕೆ. ಎಲೆ ಬಲು ನವಿರು, ಊದಿದರೆ ಹಾರುವಷ್ಟು. ಬಳ್ಳಾರಿ ಜಾಲಿಯದೂ ಬಾಲವೇ, ಹಸಿರು ಹಳದಿ. ಅದರ ಎಲೆ ಬೇರೆ. ಒಂದು ಜೋಡಿ ಗರಿ, ಇಲ್ಲವೇ ಎರಡು, ಗರಿಯ ಎಸಳು ಉದ್ದುದ್ದ, ದೂರ ದೂರ, ಹಲ್ಲು ಉದುರಿದ ಬಾಚಣಿಕೆಯ ಹಾಗೆ. ಅದು ಜಾಲಿಯೇ ಅಲ್ಲ, ಬನ್ನಿಯ ಕುಲ, ಹೊರಗಿನಿಂದ ಬಂದು ಜಾಲಿಯ ಹೆಸರು ಹಾಕಿಕೊಂಡಿದೆ ಎನ್ನುತ್ತಿದ್ದರು ಸಾಹೇಬರು.

ಬೆಳೆದ ಮರದ ತೊಗಟೆ ನೋಡಿದರೆ ಮಗುವೂ ಹೇಳುತ್ತದೆ, ಒಂದು ಕಪ್ಪು, ಒಂದು ಬಿಳಿ. ಆದರೆ ಆಡು ಮರವನ್ನು ನುಂಗಿ ಬರುವುದಿಲ್ಲ. ಅದರ ಹೊಟ್ಟೆಯಲ್ಲಿ ಸಿಗುವುದು ಎಸಳು, ಮುರಿದ ಗರಿ, ಹೂವಿನ ಗುಂಡು. ಕರಿಜಾಲಿ ಬಿಳಿಜಾಲಿ ಎರಡರ ಎಸಳೂ ಸಣ್ಣವು, ಅಗಿದ ಮೇಲೆ ಅಣ್ಣ ತಮ್ಮ ಇದ್ದ ಹಾಗೆ. ಎಲೆಯೊಂದನ್ನೇ ನಂಬಬೇಡಿ, ಮೋಸ ಮಾಡುತ್ತದೆ. ಹೂವು ಸಿಗುವ ತನಕ ಹುಡುಕಿ. ಹೂವು ಸುಳ್ಳು ಹೇಳುವುದಿಲ್ಲ.

ಬಿಳಿಜಾಲಿಯ ಎಳೆ ಸೊಪ್ಪು ಖಾಲಿ ಹೊಟ್ಟೆಗೆ ಹೆಚ್ಚು ಬಿದ್ದರೆ ವಿಷ. ಮೇಯುತ್ತ ಹೋಗುವ ಆಡು ಇಲ್ಲೊಂದು ಬಾಯಿ, ಅಲ್ಲೊಂದು ಬಾಯಿ ತಿನ್ನುತ್ತದೆ, ಏನೂ ಆಗುವುದಿಲ್ಲ. ಕಟ್ಟಿ ಹಾಕಿ ಅದನ್ನೇ ಹೊಟ್ಟೆ ತುಂಬ ತಿನ್ನಿಸಿದರೆ ಕಣ್ಣೆದುರೇ ಸಾಯುತ್ತದೆ. ಹೊಟ್ಟೆ ಕೊಯ್ದರೆ ಬಾದಾಮಿಯ ವಾಸನೆ ಬರುತ್ತದೆ ಎಂದು ಪುಸ್ತಕದಲ್ಲಿದೆಯಂತೆ. ಬಾದಾಮಿ ತಿಂದವರು ನಮ್ಮಲ್ಲಿ ಯಾರು? ನನಗೆ ಅದು ಕಹಿಬೇವಿನ ಬೀಜ ಜಜ್ಜಿದ ಹಾಗೆ ಬರುತ್ತಿತ್ತು. ಸಾಹೇಬರ ಮೂಗಿಗೆ ಅದು ಬರುತ್ತಲೇ ಇರಲಿಲ್ಲ. ಕೆಲವರ ಮೂಗು ಹುಟ್ಟಾ ಹಾಗಿರುತ್ತದಂತೆ. "ನನ್ನ ಮೂಗು ನೀನ ಆಗು" ಎನ್ನುತ್ತಿದ್ದರು. ಅವರು ಹಳದಿ ಕಾಗದದ ಪಟ್ಟಿಗಳನ್ನು ತಾವೇ ಮಾಡಿ ಒಣಗಿಸಿ ಡಬ್ಬಿಯಲ್ಲಿ ಇಟ್ಟಿದ್ದರು. ಹೊಟ್ಟೆಯ ಸೊಪ್ಪನ್ನು ಸೀಸೆಗೆ ಹಾಕಿ, ಪಟ್ಟಿಯನ್ನು ಮೇಲೆ ತೂಗುಬಿಟ್ಟು, ಬಿರಡೆ ಹಾಕಿ ಬಿಸಿಲಿಗೆ ಇಟ್ಟರೆ, ಆ ವಿಷ ಇದ್ದದ್ದೇ ಆದರೆ ಹಳದಿ ಹೋಗಿ ಇಟ್ಟಿಗೆ ಬಣ್ಣ ಬರುತ್ತಿತ್ತು. ಔಷಧ ಸಿಗದಾಗ ಭಾಗ್ಯನಗರದ ಫೋಟೋ ಅಂಗಡಿಯಿಂದ ಫೋಟೋ ತೊಳೆಯುವ ಹೈಪೋ ತರಿಸಿ ನೀರಲ್ಲಿ ಕದಡಿ ಕುಡಿಸುತ್ತಿದ್ದರು. ಕೆಲವು ಬದುಕುತ್ತಿದ್ದವು.

ಸಾಹೇಬರೂ ನಾನೂ ಕುಷ್ಟಗಿ ಕಡೆ ಇದ್ದಾಗ ಒಬ್ಬ ರೈತ ಎತ್ತು ಹೊಡೆದುಕೊಂಡು ಬಂದ. ಅದರ ದವಡೆ ಒಂದು ಕಡೆಗೆ ಸೊಟ್ಟಗಾಗಿತ್ತು, ನಾಲಿಗೆ ಹೊರಗೆ ಬಿದ್ದಿತ್ತು, ಜೊಲ್ಲು ಸುರಿಯುತ್ತಿತ್ತು. ಕೆನ್ನೆಯ ಮೇಲೆ ಬರೆ. ಗಾಳಿ ಸೋಕಿದೆ ಎಂದು ಕಾದ ಕುಡಗೋಲಿನಿಂದ ಸುಟ್ಟಿದ್ದರು. ಬೇಸಿಗೆ ಪೂರ್ತಿ ಬಳ್ಳಾರಿ ಜಾಲಿಯ ಕಾಯಿಯ ಮೇಲೆ ಬಿಟ್ಟಿದ್ದರು ಅದನ್ನು. ಕಾಯಿ ಸಿಹಿ, ದನ ಆಸೆಯಿಂದ ತಿನ್ನುತ್ತದೆ, ಬರೀ ಅದನ್ನೇ ತಿಂದರೆ ದವಡೆಯ ನರ ಸಾಯುತ್ತದೆ. ಸಾಹೇಬರು ಹೇಳಿದರು. ರೈತ ಕೇಳಿಕೊಂಡ. "ಹಂಗಾರ ಬರಿ ಸುಮ್ನ ಹಾಕಿದಂಗಾತಲ್ರೀ" ಎಂದ. ಎತ್ತು ಮೇವು ಅಗಿಯಲಾರದೆ ಒಣಗಿ ಒಣಗಿ ಸತ್ತಿತು.

ಆಮೇಲೆ ನನ್ನನ್ನು ಗಂಗಾವತಿ ಕಡೆಗೂ ಹಾಕಿದ್ದರು. ಅಲ್ಲಿ ಕಾಲುವೆ, ಗದ್ದೆ, ಎಮ್ಮೆ. ಜಾಲಿ ಎಂದರೆ ಬೇಲಿಗೆ ಹಾಕಿದ ಬಳ್ಳಾರಿ ಜಾಲಿ ಒಂದೇ. ನಾನು ಕಲಿತದ್ದು ಅಲ್ಲಿ ಏನೂ ಉಪಯೋಗಕ್ಕೆ ಬರಲಿಲ್ಲ. ಅಲ್ಲಿದ್ದ ಮೇಲಿನವರು ಒಬ್ಬರು ಹೊಟ್ಟೆ ಕೊಯ್ಯುವುದಕ್ಕೆ ಹೇಸುತ್ತಿದ್ದರು. ಮೂಗಿಗೆ ಅತ್ತರಿನ ಅರಿವೆ ಕಟ್ಟಿಕೊಂಡು ಹತ್ತು ಮಾರು ದೂರದಿಂದ "ಉಬ್ಬರ, ಉಬ್ಬರ, ಮುಚ್ಚರಿ" ಎನ್ನುತ್ತಿದ್ದರು. ಅವರ ಕಾಲದಲ್ಲಿ ಸತ್ತ ದನಗಳೆಲ್ಲ ಹೊಟ್ಟೆ ಉಬ್ಬರದಿಂದಲೇ ಸತ್ತವು.

ಈಗ ಪದ್ಧತಿ ಬೇರೆ. ಮೊಬೈಲಿನಲ್ಲಿ ಸೊಪ್ಪಿನ ಫೋಟೋ ತೆಗೆದು ಕಳಿಸುತ್ತಾರೆ. ಒಳ್ಳೆಯದೇ. ಆದರೆ ತೊಳೆಯದ ಸೊಪ್ಪಿನ ಫೋಟೋದಲ್ಲಿ ಕಾಣುವುದು ಸಗಣಿಯೇ.

ಹದಿನಾಲ್ಕು ವರ್ಷದ ಹಿಂದಿನ ಮಾತಿಗೆ ಬರುತ್ತೇನೆ. ಖಾದರ ಸಾಹೇಬರು ನಿವೃತ್ತರಾಗಿ ಹೋಗಿದ್ದರು. ಹೊಸದಾಗಿ ಬಂದವರು ಸಂಗಮೇಶ ಡಾಕ್ಟರು. ಹುಡುಗ, ಒಳ್ಳೆಯ ಕೈ, ಹೇಸುವವರಲ್ಲ, ಬಾಯಿ ಮಾತ್ರ ಸ್ವಲ್ಪ ಆತುರ. ಅವರ ಮೋಟಾರ್ ಸೈಕಲ್ ಹಿಂದೆ ಔಷಧದ ಪೆಟ್ಟಿಗೆ ತೊಡೆಯ ಮೇಲಿಟ್ಟುಕೊಂಡು ಹೋದೆ.

ದಡ್ಡಿ ಊರ ಹೊರಗೆ ಇತ್ತು. ಮುಳ್ಳಿನ ಬೇಲಿಯ ಸುತ್ತ ಜನ. ಒಳಗೆ ಆಡುಗಳು ಕಾಲು ಚಾಚಿ ಬಿದ್ದಿದ್ದವು. ಕೆಲವು ಇನ್ನೂ ಒದ್ದಾಡುತ್ತಿದ್ದವು, ಬಾಯಲ್ಲಿ ನೊರೆ, ಉಸಿರು ಓಡಿ ಬಂದ ನಾಯಿಯ ಹಾಗೆ. ಮರಿಗಳು ಸತ್ತ ತಾಯಿಯ ಕೆಚ್ಚಲಿಗೆ ಬಾಯಿ ಹಾಕಿದ್ದವು. ಆಡು ಯಮನವ್ವನವು, ವಯಸ್ಸಾದ ಹೆಂಗಸು, ಕಣ್ಣಿಗೆ ಪೊರೆ. ಕಣ್ಣು ಕಾಣದೆ ಒಂದೊಂದನ್ನೂ ಕೈಯಿಂದ ಸವರಿ ಕೊಂಬು ಹಿಡಿದು, ಹೆಸರು ಹೇಳಿ ಅಳುತ್ತಿದ್ದಳು. ಅವಳ ಮಗ ಮರಿಯಪ್ಪ ಗಂಗಾವತಿಯಲ್ಲಿ ಅಕ್ಕಿ ಗಿರಣಿಯ ಹಮಾಲ. ಮನೆಯಲ್ಲಿ ಇದ್ದದ್ದು ಸೊಸೆ ರೇಣವ್ವ, ಮದುವೆಯಾಗಿ ಒಂದು ಮಳೆಗಾಲವೂ ಕಳೆದಿರದ ಹುಡುಗಿ. ನೀರಿನ ಕೊಡ ಹಿಡಿದು ಅತ್ತೆಯ ಹಿಂದೆ ನಿಂತಿದ್ದಳು.

"ಯಾರ ಮಾಡ್ಯಾರ ಅಂತ ಎಲ್ಲಾರಿಗೂ ಗೊತ್ತೈತ್ರಿ ಸಾಹೇಬ್ರ" ಎಂದರು ಊರ ಹಿರಿಯ ಶಿವಪ್ಪ. "ನೀವು ವಿಷ ಹೌದು ಅಂತ ಒಂದು ಮಾತು ಹೇಳ್ರಿ. ಉಳಿದದ್ದು ನಾವು ನೋಡಿಕೋತೀವಿ."

ಅವರು ಹೇಳುತ್ತಿದ್ದದ್ದು ಗೌರವ್ವನ ವಿಷಯ. ದಡ್ಡಿಯ ಪಕ್ಕದಲ್ಲಿ ಅವಳ ಮೆಣಸಿನಕಾಯಿಯ ತುಂಡು ಹೊಲ. ಗಂಡ ಇಲ್ಲ, ಮಕ್ಕಳಿಲ್ಲ, ನಾಲಿಗೆ ಉದ್ದ. ಎರಡು ದಿನದ ಹಿಂದೆ ಆಡುಗಳು ಅವಳ ಗಿಡ ಮೇದಿದ್ದವು. ಅವಳು ಓಣಿಯಲ್ಲಿ ನಿಂತು, "ಎಣ್ಣಿ ಹಾಕಿ ಮಲಗಸ್ತೇನಿ ನೋಡ ನಿನ್ನ ಆಡನೆಲ್ಲಾ, ಒಂದೂ ಏಳಬಾರದು ಹಂಗ" ಎಂದು ಕೂಗಿದ್ದಳು. ಎಣ್ಣೆ ಎಂದರೆ ಹೊಲಕ್ಕೆ ಹೊಡೆಯುವ ಔಷಧ. ಊರೇ ಕೇಳಿತ್ತು. ಜಗಳ ತಣ್ಣಗಾಗಲಿ, ಆಡುಗಳನ್ನು ಎರಡು ದಿನ ದಡ್ಡಿಯಿಂದ ಹೊರಗೆ ಬಿಡಬೇಡ ಎಂದು ಹಿರಿಯರು ಯಮನವ್ವನಿಗೆ ಹೇಳಿದ್ದರು. ಹಾಗೆ ಹೇಳಿಸಿದವಳೂ ಗೌರವ್ವನೇ. ಆಡು ಒಳಗಿದ್ದವು, ಒಳಗೇ ಸತ್ತವು. ಇನ್ನೇನು ಬೇಕು? ಗೌರವ್ವನನ್ನು ಅವಳ ಮನೆಯೊಳಗೆ ಹಾಕಿ ಹೊರಗಿನಿಂದ ಚಿಲಕ ಜಡಿದಿದ್ದರು. ಕಿಟಕಿಯಿಂದ ಅವಳ ಬೈಗುಳ ದಡ್ಡಿಯ ತನಕ ಕೇಳುತ್ತಿತ್ತು.

ಡಾಕ್ಟರು ಮೊದಲು ಬದುಕಿದ್ದವಕ್ಕೆ ಸೂಜಿ ಹಾಕಿದರು. ನಾನು ಹಿಡಿದುಕೊಂಡೆ. ಕೆಲವು ನನ್ನ ಕೈಯಲ್ಲೇ ಹೋದವು. ಆಮೇಲೆ ಸತ್ತದ್ದೊಂದನ್ನು ಬೇವಿನ ಮರದ ಕೆಳಗೆ ಎಳೆದು ಕೊಯ್ದೆವು. ರಕ್ತ ಕುಂಕುಮದ ಹಾಗೆ ಕೆಂಪಗಿತ್ತು. ಹೊಲದ ಎಣ್ಣೆ ಕುಡಿದು ಸತ್ತ ದನದ ರಕ್ತ ಹಾಗಿರುವುದಿಲ್ಲ, ಕಣ್ಣಿನ ಪಾಪೆಯೂ ಸಾಸಿವೆ ಕಾಳಿನಷ್ಟಾಗಿರುತ್ತದೆ. ಇಲ್ಲಿ ಹಾಗಿರಲಿಲ್ಲ. ಡಾಕ್ಟರು ನನ್ನ ಮುಖ ನೋಡಿದರು. ನಾನು ಮೂಗು ಹತ್ತಿರ ಒಯ್ದು ತಲೆ ಆಡಿಸಿದೆ. ಬೇವಿನ ಬೀಜ. ಹಳದಿ ಪಟ್ಟಿಯನ್ನು ಸೀಸೆಯಲ್ಲಿ ತೂಗುಬಿಟ್ಟು ಬಿಸಿಲಿಗೆ ಇಟ್ಟೆವು. ಜನ ಸುತ್ತ ಕುಕ್ಕರಗಾಲಲ್ಲಿ ಕೂತು ನೋಡಿದರು. ಪಟ್ಟಿ ನಿಧಾನಕ್ಕೆ ಕೆಂಪಾಯಿತು.

"ಸೈನೈಡ್" ಎಂದರು ಡಾಕ್ಟರು, ಜೋರಾಗಿ.

ಆ ಮಾತು ಅಲ್ಲಿ ಆಡಬಾರದಿತ್ತು. ಅವರು ಹೇಳಿದ್ದು ಸರಿಯೇ. ಆದರೆ ಜನಕ್ಕೆ ಕೇಳಿದ್ದು ಒಂದೇ.

"ಡಾಕ್ಟರ ಬಾಯಾಗ ಬಂತ ನೋಡ್ರಪಾ! ವಿಷ!"

"ಅಲ್ರೀ, ಕೇಳ್ರಿ, ಇದು ಗಿಡದಾಗೂ ಇರತೈತಿ" ಎಂದರು ಡಾಕ್ಟರು. ಯಾರು ಕೇಳುತ್ತಾರೆ? ಅರ್ಧ ಜನ ಆಗಲೇ ಗೌರವ್ವನ ಬಾಗಿಲ ಕಡೆ ನಡೆದಿದ್ದರು. ಅವಳ ಪಾತ್ರೆ ಪಗಡೆ ಹೊರಗೆ ಒಗೆಯಬೇಕು, ಅವಳನ್ನು ಊರ ಗಡಿ ದಾಟಿಸಬೇಕು ಎನ್ನುತ್ತಿದ್ದರು. ದಾಟಿಸುವಾಗ ಸುಮ್ಮನೆ ದಾಟಿಸುವುದಿಲ್ಲ, ಅದು ನಿಮಗೂ ಗೊತ್ತು.

"ಹುಲಿಗೆವ್ವಾ, ಸೊಪ್ಪು ತೊಳದು ತೋರಸು ಇವರಿಗೆ" ಎಂದರು ಡಾಕ್ಟರು. "ನನ್ನ ಬಾಯಿಗೆ ಕೇಳೂದಿಲ್ಲ ಇವರು. ಜಲ್ದಿ."

ಜರಡಿಯಲ್ಲಿ ಹಾಕಿ ಬಕೆಟ್ಟಿನ ನೀರಲ್ಲಿ ಅಲ್ಲಾಡಿಸಿದೆ. ನೀರು ತರುತ್ತಿದ್ದವಳು ರೇಣವ್ವ. ಮೊದಲು ಎಸಳು ಬಂದವು, ಸಣ್ಣವು, ಬೂದು ಹಸಿರು. ಗರಿಯ ಕಡ್ಡಿಗಳು ಬಂದವು. ಜಾಲಿ ಎನ್ನುವುದಷ್ಟೇ ತಿಳಿಯಿತು, ಯಾವ ಜಾಲಿ ಎಂದು ಹೇಳುವ ಹಾಗಿರಲಿಲ್ಲ. ಮತ್ತೆ ತೊಳೆದೆ. ಆಡು ಅಗಿಯದೆ ನುಂಗಿದ ಒಂದು ತುದಿ ಸಿಕ್ಕಿತು. ಕವಲೊಡೆದ ಗೊಂಚಲು, ಅದರಲ್ಲಿ ಕೆನೆ ಬಣ್ಣದ ಗುಂಡು, ಕೆಲವು ಅರಳಿದ್ದವು, ಕೆಲವು ಮೊಗ್ಗು. ಅಂಗೈ ಮೇಲೆ ಇಟ್ಟುಕೊಂಡು ಶಿವಪ್ಪನ ಮುಂದೆ ಹಿಡಿದೆ.

"ಇದೇನ ಹೇಳ್ರಿ ಹಿರ‍್ಯಾರ."

ಅವರು ಬಗ್ಗಿ ನೋಡಿದರು. "ಬಿಳಿಜಾಲಿ ಹೂವಲ್ಲೇನು?"

"ಹೌದು. ಹೊಟ್ಟಿ ತುಂಬ ಇದ ಐತಿ. ಇದರಾಗ ಆ ವಿಷ ಇರತೈತಿ. ಯಾರೂ ಎಣ್ಣಿ ಹಾಕಿಲ್ಲ."

ಡಾಕ್ಟರು ನಿಟ್ಟುಸಿರು ಬಿಟ್ಟರು. ಮುಗಿಯಿತು ಎಂದುಕೊಂಡೆವು. ಮುಗಿದಿರಲಿಲ್ಲ. ಶಿವಪ್ಪ ದಡ್ಡ ಮನುಷ್ಯನಲ್ಲ. ಹೂವಿನಿಂದ ಕಣ್ಣೆತ್ತಿ ಹಳ್ಳದ ಕಡೆ ನೋಡಿ ಹೇಳಿದರು.

"ಆಡು ದಡ್ಡ್ಯಾಗ ಅದಾವ. ಬಿಳಿಜಾಲಿ ಹಳ್ಳದ ದಂಡ್ಯಾಗ ಐತಿ. ಗಿಡಾ ನಡಕೋತ ಬಂತೇನು? ಕಡದು ತಂದು ಒಳಗ ಒಗದಾಳ. ಹಸದ ಆಡು, ತಿಂದಾವ."

"ಎಣ್ಣಿಗಿಂತ ಶಾಣ್ಯಾ ಆದಳಲ್ಲಪಾ!" ಎಂದ ಯಾರೋ ಹಿಂದಿನಿಂದ.

ಆಗ ಬಾಗಿಲು ಒದೆಯುವ ಸದ್ದು ಬಂತು. ಗೌರವ್ವನ ಬೈಗುಳ ನಿಂತಿತು. ಅಷ್ಟು ಹೊತ್ತು ಬೈದವಳು ಸುಮ್ಮನಾದಳೆಂದರೆ ಹೆದರಿದ್ದಾಳೆ ಎಂದೇ ಅರ್ಥ. ನಾವು ತೊಳೆದು ತೋರಿಸಿದ ಹೂವೇ ಅವಳ ಕೊರಳಿಗೆ ಬಂದಿತ್ತು.

ಒಗೆದಿದ್ದರೆ ಟೊಂಗೆ ಎಲ್ಲಿ? ಆಡು ಎಲೆ ತಿನ್ನುತ್ತದೆ, ಟೊಂಗೆ ತಿನ್ನುವುದಿಲ್ಲ. ದಡ್ಡಿಯ ನೆಲದ ಮೇಲೆ ಒಂದು ಕಡ್ಡಿಯೂ ಇರಲಿಲ್ಲ. ನಾನು ಜರಡಿ ಕೆಳಗಿಟ್ಟು ದಡ್ಡಿಯೊಳಗೆ ಹೋಗಿ ಸತ್ತ ಆಡುಗಳ ನಡುವೆ ನಿಂತು ಸುತ್ತ ನೋಡಿದೆ. ಬೇಲಿ ಕಂಡಿತು. ಅಷ್ಟು ಹೊತ್ತೂ ಅದರ ಪಕ್ಕದಲ್ಲೇ ನಿಂತಿದ್ದೆವು. ಬೇಲಿಯನ್ನು ಯಾರು ನೋಡುತ್ತಾರೆ?

ಮೂರು ಮಗ್ಗುಲು ಹಳೆಯ ಬೇಲಿ, ಒಣಗಿದ ಬಳ್ಳಾರಿ ಜಾಲಿ. ಬಳ್ಳಾರಿ ಜಾಲಿಯ ಸೊಪ್ಪನ್ನು ಆಡು ಮೂಸುವುದೂ ಇಲ್ಲ, ಅದಕ್ಕೇ ದಡ್ಡಿಗೆ ಅದನ್ನೇ ಹಾಕುತ್ತಾರೆ. ಟೊಂಗೆಯ ಬುಡ ಒಳಗೆ, ಮುಳ್ಳಿನ ತಲೆ ಹೊರಗೆ. ತೋಳ ಬಂದರೆ ಅದರ ಮೂತಿಗೆ ಮುಳ್ಳು ಸಿಗಬೇಕು. ಕುರಿ ಆಡು ಸಾಕುವವರ ಬೇಲಿ ಎಲ್ಲ ಹಾಗೆಯೇ. ನಾಲ್ಕನೆಯ ಮಗ್ಗುಲು ಮಾತ್ರ ಹೊಸದು, ಹಸಿ ಟೊಂಗೆ, ತಿರುಗಿಸಿ ಹಾಕಿದ್ದು. ಬುಡ ಹೊರಗೆ, ತಲೆ ಒಳಗೆ. ಆ ತಲೆಗಳೆಲ್ಲ ಆಡಿನ ಬಾಯಿ ಮುಟ್ಟುವ ಎತ್ತರದ ತನಕ ಬೋಳು. ಅದರ ಮೇಲೆ ಸೊಪ್ಪು ಹಾಗೇ ಇತ್ತು, ಕೆನೆ ಬಣ್ಣದ ಗೊಂಚಲು ಗಾಳಿಗೆ ಆಡುತ್ತಿತ್ತು.

ತಿರುಗಿ ನೋಡಿದರೆ ರೇಣವ್ವ ಕೊಡ ಇಳಿಸಿ ನಿಂತಿದ್ದಳು. ಮೊಣಕೈ ತನಕ ಮುಳ್ಳು ಗೀರಿದ ಹಸಿ ಗಾಯ. ಅವಳೂ ಬೇಲಿಯನ್ನೇ ನೋಡುತ್ತಿದ್ದಳು.

ಹೇಳಿದರೆ ಇವಳು ಹೋಗುತ್ತಾಳೆ, ಹೇಳದಿದ್ದರೆ ಗೌರವ್ವ. ಅವಳ ಬಾಗಿಲನ್ನು ಆಗಲೇ ಒದೆಯುತ್ತಿದ್ದರು. ನಾನು ಕೂಗಿದೆ.

"ಬಾಗಲಾ ಬಿಡ್ರಿ! ಇಲ್ಲಿ ಬರ್ರಿ ಎಲ್ಲಾರೂ! ಆಡು ಬೇಲಿ ತಿಂದಾವ!"

ಬಂದರು. ನಾನು ಟೊಂಗೆ ಹಿಡಿದು ತೋರಿಸಿದೆ, ಕೆಳಗೆ ಬೋಳು, ಮೇಲೆ ಹೂವು. ಯಾರು ಹಾಕಿದರು ಎಂದು ನಾನು ಕೇಳಲಿಲ್ಲ. ಬೇರೆ ಯಾರೂ ಕೇಳಲಿಲ್ಲ. ರೇಣವ್ವನೇ ಹೇಳಿದಳು.

"ಇವತ್ತ ಮುಂಜಾನಿ ನಾ ಹಾಕೇನಿ. ಅತ್ತಿ ಬೇಲಿ ಹರದೈತಿ, ಜಾಲಿ ತಂದು ಹಾಕು ಅಂದ್ರು. ಕೆರ‍್ಯಾಗಿನ ಬಳ್ಳಾರಿ ಜಾಲಿ ಎಲ್ಲಾ ಇದ್ದಲಿ ಸುಡಾವರು ಕಡಕೊಂಡ ಹೋಗ್ಯಾರ. ಹಳ್ಳದಾಗ ಇದು ಇತ್ತು. ಜಾಲಿ ಅಂದ್ರ ಜಾಲಿ ಅಂತ ತಂದೆ."

"ತಿರುವಿ ಯಾಕ ಹಾಕಿದಿ?" ಎಂದರು ಶಿವಪ್ಪ.

"ನಮ್ಮೂರಾಗ ಮುಳ್ಳು ದನದ ಕಡೆ ಇರತಾವ್ರಿ. ಅಲ್ಲಿ ದನಾ ಬೇಲಿ ಹೊರಗ, ಗದ್ದಿ ಒಳಗ. ಇಲ್ಲಿ ಆಡು ಒಳಗ ಅದಾವಲ್ರಿ... ಅದಕ ಒಳಗ ಮಾಡಿದೆ."

ಅವಳ ತವರು ಗಂಗಾವತಿಯ ಕಾಲುವೆ ಸೀಮೆ. ಅಲ್ಲಿ ಬೇಲಿ ಹಾಕುವುದು ಬೆಳೆ ಕಾಯುವುದಕ್ಕೆ. ಇಲ್ಲಿ ಹಾಕುವುದು ತೋಳ ತಡೆಯುವುದಕ್ಕೆ. ಅವಳ ಲೆಕ್ಕದಲ್ಲಿ ತಪ್ಪಿರಲಿಲ್ಲ. ಆ ಊರಲ್ಲಿ ಅವಳಿಗೆ ಯಾರೂ ಹೇಳಿರಲಿಲ್ಲ, ಹುಟ್ಟಿದವರಿಗೆಲ್ಲ ಗೊತ್ತಿರುವುದನ್ನು ಯಾರೂ ಹೇಳುವುದಿಲ್ಲ. ಅತ್ತೆಯ ಕಣ್ಣಿಗೆ ಬೇಲಿ ಬರೀ ಕಪ್ಪು ಗೆರೆ.

ಯಮನವ್ವ ಎದ್ದು ಬಂದು, ಕೈ ಚಾಚಿ ಟೊಂಗೆ ಮುಟ್ಟಿ ನೋಡಿದಳು. ಬೆರಳಿಗೆ ಗೊಂಚಲು ಸಿಕ್ಕಿತು. ಅದನ್ನು ಹಿಸುಕಿದಳು.

"ಇದನ ನನ್ನ ಮಕ್ಕಳ ಬಾಯಿಗೆ ಇಟ್ಟಿಯೇನವ್ವಾ ನೀ?" ಎಂದಳು. ಅಷ್ಟೇ. ಹೊಡೆಯಲಿಲ್ಲ. ಹೊಡೆದಿದ್ದರೆ ಚಲೋ ಇತ್ತು.

ಗೌರವ್ವನ ಚಿಲಕ ತೆಗೆದರು. ಅವಳು ಸೆರಗು ಸರಿ ಮಾಡಿಕೊಂಡು ಹೊರಗೆ ಬಂದು, ಬಾಗಿಲು ಒದ್ದವರ ಮನೆತನ ಎಲ್ಲ ಎತ್ತಿ ಬೈದಳು. ಅದು ಅವಳ ಹಕ್ಕು. ನನಗೆ ಒಂದು ಒಳ್ಳೆಯ ಮಾತು ಆಡಲಿಲ್ಲ, ನಾನೂ ಅದಕ್ಕೆ ಕಾಯಲಿಲ್ಲ. ಡಾಕ್ಟರು ಶಿವಪ್ಪನಿಗೆ ಹೇಳುತ್ತಿದ್ದರು, "ಇದು ಯಾರೂ ಬೇಕಂತ ಮಾಡಿದ್ದಲ್ರೀ. ತಿಳೀದ ಆಗೇತಿ. ಆ ಹುಡುಗಿನ ಬಿಡ್ರಿ."

"ಮಾತು ಆಗಿ ಹೋಗೇತ್ರಿ ಸಾಹೇಬ್ರ" ಎಂದರು ಶಿವಪ್ಪ. ಅವರ ದನಿಯಲ್ಲಿ ಸಿಟ್ಟೇನೂ ಇರಲಿಲ್ಲ. "ಕೊಂದ ಕೈ ಇರಬಾರದು ಅಂದ್ವಿ. ಯಾರ ಕೈ ಅಂತ ಹೇಳಿರಲಿಲ್ಲ."

"ಗೌರವ್ವಾ, ನೀನರ ಹೇಳವಾ" ಎಂದೆ ನಾನು. ಆಗತಾನೇ ಆ ಮಾತಿನ ಕೆಳಗಿನಿಂದ ಎದ್ದು ಬಂದವಳು ಅವಳೇ, ಅವಳು ಬೇಡ ಎಂದರೆ ಕೇಳುತ್ತಿದ್ದರೋ ಏನೋ.

ಗೌರವ್ವ ರೇಣವ್ವನನ್ನು ಮೇಲಿಂದ ಕೆಳಗೆ ನೋಡಿದಳು. "ನಾ ಒಳಗ ಇದ್ದಾಗ ಯಾರರ ಬ್ಯಾಡ ಅಂದ್ರೇನು? ಈಕಿ ಅಂದ್ಲೇನು? ನೀರು ಹೊತಗೊಂಡು ಸುಮ್ನ ನಿಂತಿದ್ದಳು. ಊರ ಮಾತು ಊರ ಮಾತ. ನನಗೊಂದು, ಈಕಿಗೊಂದು ಐತೇನು?"

ಗಿರಣಿಗೆ ಫೋನು ಮಾಡಿದರು. ಮರಿಯಪ್ಪ ಆ ಕಡೆಯಿಂದ "ಅವ್ವ ಹೆಂಗ ಹೇಳತಾಳ ಹಂಗ" ಎಂದು ಇಟ್ಟುಬಿಟ್ಟ. ಮರುದಿನ ರೇಣವ್ವನ ಅಣ್ಣ ಬಂದು ಕರೆದುಕೊಂಡು ಹೋಗಬೇಕು, ಹೋಗುವ ಮೊದಲು ಬೇಲಿಯ ಆ ಹೊಸ ಮಗ್ಗುಲನ್ನು ಅವಳೇ ಕಿತ್ತು ಸುಡಬೇಕು, ಬೇರೆ ಯಾರೂ ಅದಕ್ಕೆ ಕೈ ಹಚ್ಚಬಾರದು ಎಂದಾಯಿತು. ನಾವು ಕುಣಿ ತೋಡಿಸಿ, ಆಡುಗಳನ್ನು ಹಾಕಿ, ಸುಣ್ಣ ಚೆಲ್ಲಿ ಬಂದೆವು. ದಾರಿಯಲ್ಲಿ ಡಾಕ್ಟರು ಮೋಟಾರ್ ಸೈಕಲ್ ನಿಲ್ಲಿಸಿ, ಹೊಲದ ಬದುವಿನ ಮೇಲೆ ಕೂತರು. "ಹೇಳಬಾರದಿತ್ತೇನು ಹುಲಿಗೆವ್ವಾ?" ಎಂದರು.

"ಹೇಳದಿದ್ದರ ಗೌರವ್ವ ಇಷ್ಟೊತ್ತಿಗೆ ಹಳ್ಳದಾಗ ಬಿದ್ದಿರತಿದ್ದಳ್ರೀ. ಗಾಡಿ ಹೊಡೀರಿ."

ರೇಣವ್ವನನ್ನು ಮತ್ತೆ ಕರೆಸಲಿಲ್ಲ. ಮರಿಯಪ್ಪ ಬೇರೆ ಮದುವೆಯಾದ. ಯಮನವ್ವ ಉಳಿದ ಆಡುಗಳನ್ನು ಬೇರೆಯವರ ಹಿಂಡಿಗೆ ಕೊಟ್ಟಳು, ಕಣ್ಣು ಪೂರ್ತಿ ಹೋದ ಮೇಲೆ ಸತ್ತಳು. ಗೌರವ್ವ ಇನ್ನೂ ಮೆಣಸಿನಕಾಯಿ ಬೆಳೆಯುತ್ತಾಳೆ.

ಹೊಸದಾಗಿ ಸೇರುವ ಹುಡುಗಿಯರಿಗೆ ಇಷ್ಟು ಹೇಳುತ್ತೇನೆ. ಹೂವು ಸಿಗುವ ತನಕ ತೊಳೆಯಿರಿ. ಹೂವು ಸಿಕ್ಕ ಮೇಲೆ ಅದು ಎಲ್ಲಿಂದ ಬಂತು ಎಂದು ನೋಡಿ, ಆಮೇಲೆ ಬಾಯಿ ಬಿಡಿ. ಅರ್ಧ ಹೇಳಿದರೆ ಒಬ್ಬರು ಸಾಯುತ್ತಾರೆ. ಪೂರ್ತಿ ಹೇಳಿದರೆ ಯಾರೂ ಸಾಯುವುದಿಲ್ಲ ಎಂದು ನಾನು ಹೇಳುವುದಿಲ್ಲ.

ಆಡು ಸತ್ತ ಮರುದಿನ ಬೆಳಿಗ್ಗೆ ಮೊದಲ ಬಸ್ಸಿಗೆ ನಾನು ಮತ್ತೆ ಆ ಊರಿಗೆ ಹೋಗಿದ್ದೆ. ದವಾಖಾನೆಯ ಕೆಲಸ ಅಲ್ಲಿ ಏನೂ ಉಳಿದಿರಲಿಲ್ಲ. ರೇಣವ್ವ ಒಬ್ಬಳೇ ದಡ್ಡಿಯಲ್ಲಿ ಟೊಂಗೆ ಜಗ್ಗುತ್ತಿದ್ದಳು, ಕೈಗೆ ಹರಕು ಅರಿವೆ ಸುತ್ತಿಕೊಂಡು. ಅವಳ ಗಂಟು ಬೇವಿನ ಬುಡದಲ್ಲಿತ್ತು. ಕಟ್ಟೆಯ ಮೇಲೆ ನಾಲ್ಕು ಜನ ಕೂತು ನೋಡುತ್ತಿದ್ದರು.

"ನೀವ್ಯಾಕ ಬಂದ್ರಿ?" ಎಂದಳು.

ನಾನು ಸೀರೆ ಎತ್ತಿ ಕಟ್ಟಿ ಟೊಂಗೆಗೆ ಕೈ ಹಾಕಿದೆ. ಕಟ್ಟೆಯಿಂದ ಒಬ್ಬ, "ಯವ್ವಾ, ಅದನ ಅಕೀನ ಕೀಳಬೇಕು" ಎಂದ.

"ನಾ ನಿಮ್ಮ ಊರಾಕೇನು? ನಿಮ್ಮ ಮಾತು ನನಗ ಹತ್ತೂದಿಲ್ಲ. ಸುಮ್ನ ಕುಂದರು."

ಕೂತ. ನಾವು ಕಿತ್ತೆವು. ಸ್ವಲ್ಪ ಹೊತ್ತಾದ ಮೇಲೆ ಒಂದು ಟೊಂಗೆ ಅವಳ ಮುಂದೆ ಹಿಡಿದು ಕೇಳಿದೆ, "ಇದು ಯಾವದು?"

ಅವಳು ಮುಖ ತಿರುಗಿಸಿದಳು. ನಾನು ಟೊಂಗೆ ಇಳಿಸಲಿಲ್ಲ.

"ಬಿಳಿಜಾಲಿ" ಎಂದಳು ಕೊನೆಗೆ.

"ಹೆಂಗ ಗೊತ್ತಾತು?"

"ಹೂವು ಕೆನಿ ಬಣ್ಣ. ತುದ್ಯಾಗ ಗೊಂಚಲ ಐತಿ."

"ಕರಿಜಾಲಿ ಆಗಿದ್ದರ?"

"ನನಗ ಗೊತ್ತಿಲ್ಲ."

ಹಳ್ಳದ ದಂಡೆಗೆ ಹೋಗಿ ಒಂದು ಚಿಗುರು ಮುರಿದು ತಂದು ತೋರಿಸಿದೆ, ಅರಿಶಿನದ ಗುಂಡು, ಎಲೆಯ ಸಂದಿಯಲ್ಲಿ. ನೋಡಿದಳು, ಎಸೆದಳು, ಮತ್ತೆ ಟೊಂಗೆ ಜಗ್ಗಿದಳು. ಕಿತ್ತದ್ದನ್ನು ರಾಶಿ ಹಾಕಿ ಬೆಂಕಿ ಹಚ್ಚಿದೆವು. ಹಸಿ ಟೊಂಗೆ, ಹೊಗೆಯೇ ಹೆಚ್ಚು. ಬಸ್ಸಿನ ದಾರಿಯಿಂದ ಅವಳ ಅಣ್ಣ ಬರುವುದು ಹೊಗೆಯಲ್ಲಿ ಕಂಡಿತು. ಆಗ ಇನ್ನೂ ಅರ್ಧ ಮಗ್ಗುಲು ಉಳಿದಿತ್ತು.

"ಹೋಗು" ಎಂದೆ.

ಅವಳು ಕೈಗೆ ಸುತ್ತಿದ್ದ ಅರಿವೆ ಬಿಚ್ಚಿ ನನ್ನ ಕಡೆ ಒಗೆದು, ಗಂಟು ಎತ್ತಿಕೊಂಡು ಹೋದಳು. ಅದನ್ನು ಕೈಗೆ ಸುತ್ತಿಕೊಂಡು ಉಳಿದ ಬೇಲಿಯನ್ನು ನಾನೇ ಕಿತ್ತೆ.